ಅತ್ತೆಯನ್ನು ಮಲಗಿಸಲು ತಂದ ನಾಷ್ಟಾ

ಕೆಲಸ ಕಡಿಮೆಯಾಗಲೆಂದು ತಂದ ವಸ್ತುವೇ ಕೆಲಸ ಹೆಚ್ಚಿಸುವುದು ನಮ್ಮ ಮನೆಯಲ್ಲಿ ಎಷ್ಟು ಸಲ ನಡೆದಿದೆಯೋ, ನೆನೆದರೆ ಈಗಲೂ ನಗು ಬರುತ್ತದೆ.

ಆಗ ನಾನು ಧಾರವಾಡದ ಹೆಣ್ಣುಮಕ್ಕಳ ಸಾಲೆಯೊಂದರಲ್ಲಿ ಅಕ್ಕೋರು. ಸಾಲೆ ಮುಂಜಾನೆ ಏಳಕ್ಕೆ. ಅತ್ತೆ ನಾಲ್ಕೂವರೆಗೇ ಎದ್ದು, ಹಸಿ ಕಟ್ಟಿಗೆ ಊದಿ ಊದಿ, ಕೆಮ್ಮುತ್ತ ನನಗೆ ರೊಟ್ಟಿ ಬಡಿಯುತ್ತಿದ್ದರು. ಹೊಗೆಯಿಂದ ದೂರ ಇರಿ ಎಂದು ಡಾಕ್ಟರು ಹೇಳಿ ವರ್ಷವಾಗಿತ್ತು. ನಾನೇ ಮಾಡೋಣವೆಂದು ನಾಲ್ಕೂಕಾಲಿಗೆ ಎದ್ದರೆ ಅವರು ನಾಲ್ಕಕ್ಕೆ ಏಳುವರು. ಈ ಪೈಪೋಟಿ ಹೀಗೇ ನಡೆದಿದ್ದರೆ ಇಬ್ಬರೂ ಮಲಗುವ ಮೊದಲೇ ಏಳಬೇಕಾಗುತ್ತಿತ್ತು. ಸೊಸೆ ಹಸಿದು ಹೋಗಬಾರದೆಂಬುದು ಅವರ ಹಟ. ಬೆಳಕು ಹರಿಯುವವರೆಗೆ ಅವರು ಮಲಗಬೇಕೆಂಬುದು ನನ್ನ ಹಟ. ಹಾಗಾಗಿ ಅಂಗಡಿಯ ನಾಷ್ಟಾಕ್ಕೆ ಮೊರೆಹೋದೆ.

೧. ಬ್ರೆಡ್ಡು

ನಮ್ಮವರು ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದರು. ಒಂದು ಸಂಜೆ ಬೇಕರಿಯ ಬ್ರೆಡ್ಡನ್ನು ಕೈಯಲ್ಲಿ ಹಿಡಿದು ಓಣಿಯುದ್ದಕ್ಕೂ ನಡೆದು ಬಂದರು. ಅವರು ಕಾಲು ತೊಳೆಯುವಷ್ಟರಲ್ಲಿ ಪಕ್ಕದ ಮನೆಯವರು ನಾಲ್ಕು ಮೋಸಂಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಯಾರಿಗೆ ಆರಾಮಿಲ್ರೀ?"

ಆಗೆಲ್ಲ ಡಾಕ್ಟರು ಹೇಳದೆ ಯಾರ ಮನೆಗೂ ಬ್ರೆಡ್ಡು ಬರುತ್ತಿರಲಿಲ್ಲ. ನಾನು ತಡವರಿಸಿದೆ. ಅತ್ತೆ ಒಮ್ಮೆ ನನ್ನ ಮುಖ ನೋಡಿ, ಕೌದಿ ಎಳೆದುಕೊಂಡು ಅಡ್ಡಾದರು.

"ನನಗವಾ. ನಿನ್ನೆಯಿಂದ ಜ್ವರ."

ಪಕ್ಕದ ಮನೆಯವರು ಹೋದ ಮೇಲೆ ಕೇಳಿದೆ, "ಯಾಕ್ರಿ ಅತ್ಯಾರ, ಹಂಗ್ಯಾಕ ಅಂದ್ರಿ?"

"ಸೊಸಿ ಒಲಿ ಹಚ್ಚಂಗಿಲ್ಲ ಅಂತ ಓಣ್ಯಾಗ ಆಡಿಕೊಳ್ಳೋದಕ್ಕಿಂತ ನನಗ ಜ್ವರ ಬರೋದು ಛಲೋ ಅಲ್ಲೇನ?"

ನನಗೆ ಅಳು ಬಂತು. ಆದರೆ ಮೂರು ದಿನ ಓಣಿಯ ಮನೆಮನೆಯಿಂದ ಗಂಜಿ, ಸಾರು, ಮೆತ್ತನೆಯ ಅನ್ನ ಬಂದವು. ಅತ್ತೆ ಸೊಂಪಾಗಿ ಮಲಗಿದರು. ಬ್ರೆಡ್ಡಿನಿಂದ ನಮ್ಮ ಮನೆಗೆ ನಿಜವಾಗಿ ಲಾಭವಾದದ್ದು ಹೀಗೆ, ಅದನ್ನು ಯಾರೂ ತಿನ್ನದೆ.

೨. ಗೋವಿನಜೋಳದ ಡಬ್ಬಿ

ಆಮೇಲೆ ಕಾರ್ನ್‌ಫ್ಲೇಕ್ಸ್ ಬಂತು. ಡಬ್ಬಿಯ ಮೇಲಿನದನ್ನು ನಮ್ಮವರು ಓದಿ ಹೇಳಿದರು: ಹಾಲು, ಸಕ್ಕರೆ ಹಾಕಿದರೆ ಮುಗಿಯಿತು, ಒಲೆಯೇ ಬೇಡ.

ಅತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡು, "ಗೋವಿನಜೋಳ ಐತಿ. ಕಡದರ ಸಪ್ಪಳ ಭಾಳ, ರುಚಿ ಕಡಿಮಿ," ಎಂದರು. ಮಲಗುವ ಮುಂಚೆ, "ಹಾಲು ಯಾವುದು ಹಾಕ್ತಿ?" ಎಂದು ಕೇಳಿದರು. ಇವತ್ತು ಉಳಿದದ್ದು ಎಂದೆ. ಅವರು ತಂಬಿಗೆ ತೊಳೆದು ಬಾಗಿಲ ಬಳಿ ಇಟ್ಟರು.

ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಮನೆಯಲ್ಲೇ ಇಲ್ಲ. ಸೊಸೆಯ ಹೊಟ್ಟೆಗೆ ಹಳೆಯ ಹಾಲು ಬೀಳಬಾರದೆಂದು ಗೌಳಿಗರ ಓಣಿಗೆ ಹೋಗಿ, ಎಮ್ಮೆ ಹಿಂಡುವವರೆಗೆ ನಿಂತು, ತಂಬಿಗೆಯಲ್ಲಿ ಬಿಸಿ ನೊರೆಹಾಲು ತಂದರು. ಹಸಿ ಹಾಲು ಕುಡಿಯುವುದು ಹೇಗೆ? ಅದನ್ನು ಕಾಯಿಸಲು ಒಲೆ ಹೊತ್ತಿಸಿದರು. ಹೊತ್ತಿದ ಒಲೆಯನ್ನು ಸುಮ್ಮನೆ ಯಾಕೆ ಕೆಡಿಸಬೇಕೆಂದು ನಾಲ್ಕು ರೊಟ್ಟಿಯನ್ನೂ ಬಡಿದರು.

ಡಬ್ಬಿ ಹಾಗೇ ಇತ್ತು. "ಅದನ್ನ ನಾಳೆ ತಿನ್ನು, ಇವತ್ತ ಹೊಟ್ಟಿ ತುಂಬೇತಲ್ಲ," ಎಂದರು.

೩. ಬಿಸ್ಕೀಟು

ಕೊನೆಗೆ ನಾನು ಕೈಮುಗಿದು ಕೇಳಿಕೊಂಡೆ. "ಸಾಲ್ಯಾಗ ಬಿಸ್ಕೀಟು ಇಟಗೋತೇನ್ರಿ. ನಾ ಹೋಗೂತನಾ ನೀವು ಏಳಬ್ಯಾಡ್ರಿ. ನನ್ನಾಣಿ."

ಆಣೆ ಕೆಲಸ ಮಾಡಿತು. ಎಂಟು ದಿನ ಅತ್ತೆ ಕೌದಿಯೊಳಗಿಂದ ತಲೆ ಹೊರಗೆ ಹಾಕಲಿಲ್ಲ. ನಾನು ಗೆದ್ದೆನೆಂದು ಬೀಗುತ್ತ, ಬಿಸ್ಕೀಟು ತಿಂದು, ಹತ್ತು ಗಂಟೆಗೆಲ್ಲ ಹಸಿವಿನಿಂದ ಹುಡುಗಿಯರ ಮೇಲೆ ಹರಿಹಾಯುತ್ತಿದ್ದೆ.

ಒಂಬತ್ತನೆಯ ದಿನ ಎರಡನೆಯ ತಾಸಿಗೆ ಕ್ಲಾಸಿನ ಬಾಗಿಲಲ್ಲಿ ಅತ್ತೆ! ಕೈಯಲ್ಲಿ ಉಪ್ಪಿಟ್ಟಿನ ಡಬ್ಬಿ.

"ನಿನ್ನ ಆಣಿ ಮುರದಿಲ್ಲವಾ. ನೀ ಹೋದ ಮ್ಯಾಲನ ಎದ್ದೇನಿ. ನಾಲ್ಕೂವರಿಗೆ ಎಚ್ಚರಾಗಿ, ನೀ ಯಾವಾಗ ಹೋಗ್ತಿ ಅಂತ ಕಾದು ಕಾದು ಸಾಕಾಗೇತಿ. ಮುಖ ನೋಡು ಹೆಂಗ ಬತ್ತೇತಿ. ಮೊದಲು ತಿನ್ನು, ಆಮ್ಯಾಲ ಕಲಿಸು."

ನಲವತ್ತು ಹುಡುಗಿಯರು ಬಾಯಿ ಮುಚ್ಚಿಕೊಂಡು ನಗುತ್ತಿದ್ದಾಗ ಸಾಲೆಯ ಮುಖ್ಯಸ್ಥೆ ದೊಡ್ಡಕ್ಕೋರು ಬಂದರು. ಊರಲ್ಲಿ ಒಂಟಿಯಾಗಿ ಮನೆ ಮಾಡಿಕೊಂಡಿದ್ದ ಹೆಣ್ಣುಮಗಳು, ಇಡೀ ಸಾಲೆ ಅವರಿಗೆ ಹೆದರುತ್ತಿತ್ತು. ನನ್ನ ಕೆಲಸ ಹೋಯಿತೆಂದುಕೊಂಡೆ. ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮದೂ ಬಿಸ್ಕೀಟೇನ್ರಿ?" ಎಂದರು.

ದೊಡ್ಡಕ್ಕೋರು ಕಳವು ಮಾಡಿ ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿದರು. ಅತ್ತೆ ಅವರ ಕೈಗೂ ಉಪ್ಪಿಟ್ಟು ಕೊಟ್ಟರು. ಅವರು ತಿನ್ನುತ್ತಿರುವಾಗಲೇ ನನ್ನ ನಾಷ್ಟಾದ ಕಥೆ, ತಮ್ಮ ಕೆಮ್ಮು, ಡಾಕ್ಟರ ಮಾತು ಎಲ್ಲ ಹೇಳಿದರು. ಬಾಯಲ್ಲಿ ಉಪ್ಪಿಟ್ಟು ಇಟ್ಟುಕೊಂಡು ಯಾರು ತಾನೇ ಗದರಿಸಿಯಾರು? ನಾಳೆಯಿಂದ ನನಗೆ ಮೊದಲ ತಾಸು ಇಲ್ಲ, ಎಂಟಕ್ಕೆ ಬಂದರೆ ಸಾಕು ಎಂದುಬಿಟ್ಟರು.

ಆ ರಾತ್ರಿ ನಾನು ನೆಮ್ಮದಿಯಿಂದ ಮಲಗಿದೆ. ಬೆಳಗಿನ ಜಾವ ಕೆಮ್ಮು ಕೇಳಿ ಎಚ್ಚರಾಯಿತು. ನಾಲ್ಕೂವರೆ. ಅತ್ತೆ ಒಲೆಯ ಮುಂದೆ ಕೂತಿದ್ದಾರೆ. ನನಗೆ ಸಿಟ್ಟೇ ಬಂತು.

"ಅತ್ಯಾರ, ನಂದು ಎಂಟಕ್ಕ ಅಲ್ಲೇನ್ರಿ?"

"ನಿಂದು ಎಂಟಕ್ಕವಾ, ನೀ ಮಲಕೋ," ಎಂದರು ಅತ್ತೆ, ರವೆ ಹುರಿಯುತ್ತ. "ಆದರ ನಿಮ್ಮ ದೊಡ್ಡಕ್ಕೋರದು ಏಳಕ್ಕನ ಐತಲ್ಲ!"