ಡೇಲಿಯಾ ಮಲಗಿದ ಕೋಣೆ

ನನ್ನ ಹೆಂಡತಿ ಬೊಝೆನಾಳ ಮನಸ್ಸಿನಲ್ಲಿ ಮೊದಲ ಸ್ಥಾನ ಡೇಲಿಯಾ ಹೂವಿಗೆ, ಎರಡನೆಯದು ಮಗಳಿಗೆ. ಮೂರನೆಯದು ನನಗೆ ಎಂದು ಬಹಳ ಕಾಲ ನಂಬಿದ್ದೆ. ಅದು ಉಪ್ಪು ಹಾಕಿದ ಎಲೆಕೋಸಿನ ಪೀಪಾಯಿಗೆ ಸೇರಿದ್ದೆಂದು ಆಮೇಲೆ ತಿಳಿಯಿತು.

ನಮ್ಮ ಊರು ಸುವಾಲ್ಕಿಯ ಚಳಿಗೆ ಡೇಲಿಯಾ ಗಡ್ಡೆ ಮಣ್ಣಿನಲ್ಲಿ ಉಳಿಯುವುದಿಲ್ಲ. ಇಬ್ಬನಿ ಹೆಪ್ಪುಗಟ್ಟಿ ಗಿಡ ಕಪ್ಪಾಗುತ್ತಲೇ ಅಗೆದು, ಒಣಗಿಸಿ, ಮರಳಿನ ಪೆಟ್ಟಿಗೆಯಲ್ಲಿಟ್ಟು ನೆಲಮಾಳಿಗೆಗೆ ಇಳಿಸಬೇಕು. ಬೊಝೆನಾ ಇದನ್ನೊಂದು ಬಾಣಂತನದಂತೆ ನಡೆಸುತ್ತಾಳೆ. ಆ ವರ್ಷ ನಿಜವಾದ ಬಾಣಂತನವೇ ಬಂತು. ದೂರದ ಗ್ದಾನ್ಸ್ಕ್ ನಗರದಲ್ಲಿರುವ ಮಗಳಿಗೆ ಹೆರಿಗೆ.

ಹೊರಡುವಾಗ ಅಪ್ಪಣೆಯಾಯಿತು.

"ರೀ, ಗಡ್ಡೆ ಹೆಪ್ಪುಗಟ್ಟಬಾರ್ದು. ಹಾಗಂತ ಬೆಚ್ಚಗೂ ಇಡ್ಬೇಡಿ, ಮೊಳಕೆ ಬಂದು ಹಾಳಾಗ್ತವೆ. ತಣ್ಣಗೆ ನಿದ್ದೆ ಮಾಡ್ಕೊಂಡಿರ್ಲಿ."

"ಇಡೀ ರೈಲ್ವೆ ಸ್ಟೇಷನ್ ನಡೆಸಿದವನು ಕಣೇ ನಾನು!"

"ರೈಲು ತಡವಾದ್ರೂ ಬರುತ್ತೆ. ಸತ್ತ ಗಡ್ಡೆ ಬರಲ್ಲ. ನಮ್ಮಮ್ಮ ಕೊನೆಗಾಲದಲ್ಲಿ ಕೊಟ್ಟ ಕಪ್ಪುಗೆಂಪು ಡೇಲಿಯಾನೂ ಇದೆ, ಹುಷಾರು."

ಜನವರಿಯಲ್ಲೊಂದು ದಿನ ಎಂದಿನಂತೆ ಅವಳ ಫೋನ್ ಬಂತು. ಲೈನಿನಲ್ಲಿ ಬರೀ ಗೊರಗೊರ.

"ಗಡ್ಡೆ ಹೇಗಿದೆ?"

"ಬೆಳಿಗ್ಗೆ ತಾನೆ ಬೋಳಿಸ್ದೆ."

"ಏನಂದ್ರೀ!"

"ಗಡ್ಡ."

"ಗಡ್ಡ ಅಲ್ಲಾರೀ, ಗಡ್ಡೆ! ನಿಮ್ಮ ಗಡ್ಡ ಕಟ್ಕೊಂಡು ನನಗೇನು?"

ಓಡಿ ಹೋಗಿ ನೋಡಿದೆ. ನೆಲಮಾಳಿಗೆಯ ಬಕೆಟ್ಟಿನ ನೀರು ಕಲ್ಲಾಗತೊಡಗಿತ್ತು. ಗಡ್ಡೆಗಳನ್ನು ಹೊತ್ತು ತಂದು ಅಡುಗೆಮನೆಯಲ್ಲಿಟ್ಟೆ. ವಾರ ಕಳೆಯುವುದರೊಳಗೆ ಒಂದು ಗಡ್ಡೆ ಗುಲಾಬಿ ಮೂಗು ಹೊರಹಾಕಿತು. (ನನಗೆ ಬೆವರಿಳಿದದ್ದು ಒಲೆಯ ಶಾಖಕ್ಕಲ್ಲ.) ಉಳಿದದ್ದು ಉತ್ತರ ದಿಕ್ಕಿನ ಮಲಗುವ ಕೋಣೆ. ಹೀಟರ್ ಆರಿಸಿ, ಕಿಟಕಿ ಒಂದಿಷ್ಟು ತೆರೆದು, ಪೆಟ್ಟಿಗೆಗಳನ್ನು ಬೊಝೆನಾ ಮಲಗುವ ಮಗ್ಗುಲಲ್ಲಿ ಜೋಡಿಸಿದೆ. ಹೊರಗೆ ಚಳಿ ಏರಿದರೆ ಕಿಟಕಿ ಮುಚ್ಚಬೇಕು, ಇಳಿದರೆ ತೆರೆಯಬೇಕು. ಆದ್ದರಿಂದ ಶ್ರೀಮಾನ್ ಗರ್ಭಗೃಹಪಾಲಕನಾದ ನಾನೂ ಕೋಟು, ಕುರಿತುಪ್ಪಳದ ಟೋಪಿ, ಎರಡು ಜೊತೆ ಕಾಲುಚೀಲ ಧರಿಸಿ ಅಲ್ಲೇ ಪವಡಿಸಿದೆ. ಚಳಿ ವಿಪರೀತವಾದ ದಿನ ನನ್ನ ಕಂಬಳಿಯನ್ನು ಅವಕ್ಕೆ ಹೊದಿಸಿದೆ. ಸೀನುವಾಗಲೂ, ಅವುಗಳ ನಿದ್ದೆ ಕೆಟ್ಟೀತೆಂದು, ಆಚೆ ಹೋಗಿ ಸೀನುತ್ತಿದ್ದೆ.

ಏಪ್ರಿಲ್‌ನಲ್ಲಿ ಬೊಝೆನಾ ಬಂದಳು. ಕೆಮ್ಮುತ್ತಲೇ ಕೋಣೆಯ ಬಾಗಿಲು ತೆರೆದು ತೋರಿಸಿದೆ. ಬಗ್ಗಿ ಒಂದು ಗಡ್ಡೆ ಎತ್ತಿ ಹಿಚುಕಿ ನೋಡಿದಳು.

"ಅಯ್ಯೋ, ಇವನ್ನ ಯಾಕ್ರೀ ಇಲ್ಲಿಟ್ಟಿದ್ದೀರಿ? ಇವು ಗೊಬ್ಬರದ ಗುಂಡಿಗೆ ಹಾಕೋ ಹರಕುಮುರುಕು!"

"ಮತ್ತೆ ಒಳ್ಳೇವು?"

"ಪಕ್ಕದ್ಮನೆ ಝೆನೋನ್ ಅವರ ನೆಲಮಾಳಿಗೇಲಿ. ನಿಮ್ಮ ಕೈಗೆ ಕೊಟ್ಟು ಹೋಗೋಕೆ ನನಗೇನು ತಲೆ ಕೆಟ್ಟಿದ್ಯಾ?"

"ದಿನಾ ಫೋನ್ ಮಾಡಿ ಕೇಳ್ತಿದ್ಯಲ್ಲೇ!"

"ಕೆಲಸ ಇಲ್ದಿದ್ರೆ ಹೋದ ಸಲದ ಹಾಗೆ ಗಡಿಯಾರ ಬಿಚ್ಚಿ ಕೂತ್ಕೋತೀರಿ. ಅದಕ್ಕೆ."

ನಾನು ಟೋಪಿ ತೆಗೆದೆ.

ಅಷ್ಟರಲ್ಲಿ ಝೆನೋನ್ ಬಾಗಿಲಲ್ಲಿ ಬಂದು ನಿಂತ. ಮುಖ ನೆಲ ನೋಡುತ್ತಿತ್ತು.

"ಅಕ್ಕಾ, ಹೇಗೆ ಹೇಳ್ಲಿ... ಇಲಿ. ಒಂದನ್ನೂ ಬಿಟ್ಟಿಲ್ಲ."

ಬೊಝೆನಾ ಅಳಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತಳು. "ನಮ್ಮಮ್ಮಂದು..." ಎಂದಳು. ಅಷ್ಟೇ. ಮದುವೆಯಾದಾಗಿನಿಂದ ಅವಳು ಅರ್ಧ ವಾಕ್ಯಕ್ಕೆ ಮಾತು ನಿಲ್ಲಿಸಿದ್ದನ್ನು ನಾನು ಕಂಡಿರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ.

ಬೇರೆ ದಾರಿಯಿಲ್ಲದೆ ಹರಕುಮುರುಕುಗಳನ್ನೇ ನೆಟ್ಟೆವು. ಆಗಸ್ಟಿನಲ್ಲಿ ಬೇಲಿಯ ಮೂಲೆಯ ಗಿಡವೊಂದು ಅರಳಿತು. ಕಪ್ಪುಗೆಂಪು! ಅಮ್ಮನ ಗಡ್ಡೆಯಿಂದ ಮುರಿದ ಚೂರೊಂದು ಕಸದಲ್ಲಿ ಸೇರಿತ್ತಂತೆ. ಬೊಝೆನಾ ಹೂವಿನ ಕೆನ್ನೆ ಸವರಿದಳು, ಆಮೇಲೆ ನನ್ನದನ್ನೂ.

"ನೀವು ಉಳಿಸಿಬಿಟ್ರಿ ಕಣ್ರೀ."

ಆ ಒಂದು ಮಾತಿಗೆ ನಾನು ಇನ್ನೊಂದು ಚಳಿಗಾಲ ಕೊಡಲು ಸಿದ್ಧನಿದ್ದೆ. ಅದು ನನ್ನ ಮುಖದ ಮೇಲೆ ಕಂಡಿತೋ ಏನೋ. ಅವಳು ಹೋಗಿ ಬೀದಿಗೆಲ್ಲ ನನ್ನ ಗುಣಗಾನ ಮಾಡಿದಳು. ಅಕ್ಟೋಬರ್ ಬರುತ್ತಲೇ ಹೆಂಗಸರು ಸಾಲಾಗಿ ತಮ್ಮ ತಮ್ಮ ಪೆಟ್ಟಿಗೆ ಹೊತ್ತು ಬಂದರು. "ಅಣ್ಣಾ, ನಮ್ಮದೂ ಒಂದಿಷ್ಟು!" ಈಗ ಮಲಗುವ ಕೋಣೆಯಲ್ಲಿ ಇಡೀ ಬೀದಿಯ ಡೇಲಿಯಾ ಮಲಗಿದೆ. ನಡುವೆ ಎಲ್ಲೋ ನಾನೂ.

ಬೊಝೆನಾ ನಾಳೆ ಮತ್ತೆ ಮಗಳ ಮನೆಗೆ ಹೊರಟಿದ್ದಾಳೆ. ವಸಂತದವರೆಗೆ ಬರುವುದಿಲ್ಲವಂತೆ.

"ಮೊಮ್ಮಗನ್ನ ನೋಡೋ ಆಸೆನಾ?" ಎಂದು ಕೇಳಿದೆ.

"ಅದಲ್ಲಾರೀ," ಎಂದಳು ಕೋಣೆಯೊಳಗೆ ಇಣುಕಿ ಶಾಲು ಬಿಗಿದುಕೊಳ್ಳುತ್ತ, "ಈ ಚಳಿ ಮನೇಲಿ ಮನುಷ್ಯರಾದೋರು ಇರೋಕಾಗುತ್ತಾ?"