ಬೇಕಾಗಿದ್ದಾರೆ: ಒಬ್ಬ ಒಪ್ಪಿಕೊಂಡ ಕಳ್ಳ

ಮಂದಿಯ ತಪ್ಪು ಹುಡುಕುವುದು ನನ್ನ ಹುಟ್ಟುಗುಣ. ಅದಕ್ಕೂ ಸರ್ಟಿಫಿಕೇಟ್ ಕೊಡುತ್ತಾರೆಂದು ತಿಳಿದದ್ದು ಮಾತ್ರ ನಲವತ್ತಾರನೆಯ ವಯಸ್ಸಿನಲ್ಲಿ. ಬೀದರಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ನಾನು ಅಂಚೆಯ ಮೂಲಕ ಅಪರಾಧಶಾಸ್ತ್ರ ಓದಲು ಹಣ ಕಟ್ಟಿದೆ. ಜೈಲು ಕಂಡು ಬಂದ ಒಬ್ಬ ಅಪರಾಧಿಯನ್ನು ಮಾತಾಡಿಸಿ, ಅವನ ಸಹಿ ಹಾಕಿಸಿ ಪ್ರಾಜೆಕ್ಟ್ ಬರೆಯಬೇಕಿತ್ತು. ಇದೇನು ಮಹಾ ಎಂದುಕೊಂಡು ಗುರುತಿನವರನ್ನೆಲ್ಲ ಕೇಳುತ್ತ ಹೊರಟೆ. ಔರಾದಿನ ನನ್ನ ಭಾವ ಮೊದಲು ಹೇಳಿದ್ದೇ ತಮ್ಮ ಸ್ವಂತ ಅಣ್ಣನ ಹೆಸರು. ಅಪರಾಧ, ಹೊಲದ ಬದು ಒಂದು ಮೊಳ ಒತ್ತಿದ್ದು. ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಪರಿಚಯದ ದಲಾಲರು ರೈತನ ಚೀಲದಿಂದ ‘ನಮೂನೆ’ಗೆಂದು ಮೂರನೆಯ ಬೊಗಸೆ ತೊಗರಿ ತೆಗೆದು ತಮ್ಮ ಬುಟ್ಟಿಗೆ ಸುರಿಯುತ್ತ, ಪ್ರಾಮಾಣಿಕತೆಯ ಕಾಲ ಮುಗಿಯಿತೆಂದು ನಿಟ್ಟುಸಿರು ಬಿಟ್ಟರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರೂ ಈಗ ಉಳಿದಿಲ್ಲ.

ಕೊನೆಗೆ ಸಹೋದ್ಯೋಗಿಯೊಬ್ಬರು ಮೆಹಕರದ ಶಿವರಾಯ ಮುತ್ಯಾ ಎಂಬ ಮುದುಕನ ಹೆಸರು ಕೊಟ್ಟರು. ಹರೆಯದಲ್ಲಿ ಒಂದು ಕುರಿ ಕದ್ದು ಆರು ತಿಂಗಳು ಜೈಲಿನಲ್ಲಿದ್ದವನಂತೆ. ಹುಡುಗಿಗೆ ಗಂಡು ಗೊತ್ತಾದಷ್ಟು ಸಂಭ್ರಮದಿಂದ ಭಾಲ್ಕಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಅವನ ಮನೆ ಮುಟ್ಟಿದೆ. ಒಳಗೆ ನಿಜವಾಗಿಯೂ ಗಂಡಿನವರೇ ಕೂತಿದ್ದರು! ಅಷ್ಟೂರು ಗ್ರಾಮದಿಂದ ಮುತ್ಯಾನ ಮೊಮ್ಮಗಳನ್ನು ನೋಡಲು ಬಂದಿದ್ದರು. ನನ್ನ ಕಂಕುಳಲ್ಲಿ ಫೈಲು, ಫೈಲಿನ ಮೇಲೆ ದಪ್ಪಕ್ಷರದಲ್ಲಿ ‘ಅಪರಾಧಿ’.

ಗಂಡಿನ ಸೋದರಮಾವ ಫೈಲನ್ನೇ ನೋಡುತ್ತ, “ಯಾಕ ಬಂದೀರಿ ಸಾಹೇಬ್ರ?” ಎಂದ. ಮುತ್ಯಾನ ಮುಖ ಬಿಳಿಚಿತು. ಚಹಾ ತರುತ್ತಿದ್ದ ಹುಡುಗಿ ಬಾಗಿಲಲ್ಲೇ ನಿಂತಳು. ನಾನು ಬಾಯಿ ತೆರೆದರೆ ಅವಳ ಮದುವೆ ಅಲ್ಲಿಗೇ ಮುರಿಯುತ್ತಿತ್ತು. ನನಗೆ ಭಯವಾಯಿತು, ನಾಚಿಕೆಯೂ ಆಯಿತು. ಫೈಲನ್ನು ಮಗುಚಿ ಹಿಡಿದೆ.

“ಕುರಿ ವಿಷಯ ಕೇಳಾಕ ಬಂದೀನ್ರಿ. ಈ ಮುತ್ಯಾನಷ್ಟು ಕುರಿ ಬಲ್ಲವರು ಇಡೀ ಜಿಲ್ಲಾದಾಗ ಇಲ್ಲಂತ ಸರಕಾರದ ಕಾಗದದಾಗ ಬರದಾರ್ರಿ.”

ಗಂಡಿನವರು ಹಿಗ್ಗಿಹೋದರು. ನನ್ನನ್ನು ದೊಡ್ಡ ಅಧಿಕಾರಿಯೆಂದು ತಿಳಿದು ಗೋಡೆಗೊರಗಿಸಿ ಕೂರಿಸಿದರು. ನಾನೂ ಇಲ್ಲವೆನ್ನದೆ ಎರಡು ತಟ್ಟೆ ಉಪ್ಪಿಟ್ಟು ತಿಂದೆ. ಮಾತು ಪಕ್ಕಾ ಆಯಿತು. ಬಸ್ಸಿನವರೆಗೆ ಕಳಿಸಲು ಬಂದ ಮುತ್ಯಾ ಕಣ್ಣೊರೆಸಿಕೊಂಡು ಹೇಳಿದ:

“ಕುರಿ ಕದ್ದಾಗ ನನ್ನ ಕೈ ನಡುಗಿದ್ವು ಸಾಹೇಬ್ರ. ನೀವು ಭಾರಿ ಸಲೀಸ ಹೇಳಿದ್ರಿ ನೋಡ್ರಿ.”

ಅವನ ಕತೆ ಬರೆಯುವಂತಿರಲಿಲ್ಲ. ಮನೆಯಲ್ಲಿ ಕೂತಲ್ಲೇ ಒಬ್ಬ ಕಳ್ಳನನ್ನು ಹುಟ್ಟಿಸಿ, ಅವನಿಗೊಂದು ಕಷ್ಟದ ಬಾಲ್ಯ ಕೊಟ್ಟು, ಕೊನೆಯಲ್ಲಿ ಪಶ್ಚಾತ್ತಾಪಪಡಿಸಿ, ಅವನ ಸಹಿಯನ್ನು ಎಡಗೈಯಲ್ಲಿ ನಾನೇ ಹಾಕಿ ಕಳಿಸಿದೆ. ಫಸ್ಟ್ ಕ್ಲಾಸ್ ಬಂತು. ‘ಕ್ಷೇತ್ರಕಾರ್ಯ ಪ್ರಾಮಾಣಿಕವಾಗಿದೆ’ ಎಂದು ಪರೀಕ್ಷಕರು ಕೆಂಪು ಶಾಯಿಯಲ್ಲಿ ಷರಾ ಬರೆದಿದ್ದಾರೆ.