ಕಾಕಾನ ಇಲಿಗಳೂ ಚಿಗವ್ವನ ನಡಿಗೆಯೂ

ನಮ್ಮ ಕಾಕಾ ಯಾರನ್ನಾದರೂ ಮುಖ ನೋಡಿ ಗುರುತಿಸಿದ್ದನ್ನು ನಾನಂತೂ ಕಂಡಿಲ್ಲ! ಅವರ ಕಣ್ಣು ಮೊದಲು ಬೀಳುತ್ತಿದ್ದದ್ದು ಕಾಲಿನ ಮೇಲೆ. ಅಕ್ಕನನ್ನು ನೋಡಲು ಚಿತ್ತಾಪುರದಿಂದ ವರ ಬಂದಾಗ ಮನೆಯವರೆಲ್ಲ ಅವನ ನೌಕರಿ, ಮನೆತನ ವಿಚಾರಿಸುತ್ತಿದ್ದರೆ ಇವರು ಎದ್ದು ನಿಂತು, "ತಮ್ಮಾ, ಬಾಗಿಲ ತನಕ ಹೋಗಿ ಬಾ, ನೋಡೂನು" ಎಂದುಬಿಟ್ಟರು. ಪಾಪ, ಹೋಗಿ ಬಂದ. "ಅಡ್ಡಿಯಿಲ್ಲ, ಮುಂಗಾಲು ಚಲೋ ಎತ್ತತಾನ" ಎಂದು ತೀರ್ಪು ಕೊಟ್ಟರು. ಮುಂಗಾಲು! ವರನಿಗೆ ಹಿಂಗಾಲು ಬೇರೆ ಇರುತ್ತದೆಯೇ? ಆ ಮದುವೆ ನಡೆದದ್ದೇ ನಮ್ಮ ಪುಣ್ಯ.

ತಪ್ಪು ಅರ್ಧ ಕಾಕಾನ ನೌಕರಿಯದು, ಇನ್ನರ್ಧ ಚಿಗವ್ವನದು. ಚಿಗವ್ವ ಎಂದರೆ ಕಾಕಾನ ಹೆಂಡತಿ. ಅವಳು ಮತ್ತೆ ಮೊದಲಿನ ಹಾಗೆ ನಡೆಯಬೇಕು ಎಂಬುದೊಂದೇ ಅವರ ಆಸೆ. ಅದಿರಲಿ, ಮೊದಲು ನೌಕರಿ.

ವಾಡಿಯಿಂದ ದಿನಾ ಪ್ಯಾಸೆಂಜರ್ ಗಾಡಿ ಹಿಡಿದು ಗುಲಬರ್ಗಾಕ್ಕೆ ಹೋಗಿ, ಅಲ್ಲಿನ ಒಂದು ಪ್ರಯೋಗಶಾಲೆಯಲ್ಲಿ ಬಿಳಿ ಇಲಿಗಳ ಓಡಾಟ ಬರೆದಿಡುವುದು ಅವರ ಕೆಲಸ. ಮಿದುಳಿನಲ್ಲಿ ಡೋಪಮೈನ್ ಎಂಬುದೊಂದು ಇದೆಯಂತೆ. ಕೈಕಾಲು ಚುರುಕಾಗಿ ಆಡಲು ಅದು ಬೇಕಂತೆ. ಉತ್ತೇಜಕ ಔಷಧ ಚುಚ್ಚಿದರೆ ಅದು ಉಕ್ಕಿ, ಇಲಿ ಪೆಟ್ಟಿಗೆಯೊಳಗೆ ಹುಚ್ಚೆದ್ದು ಓಡುತ್ತದೆ. ಆದರೆ ಡೋಪಮೈನ್ ಹೋಗಿ ಕೂರುವ ಜಾಗವನ್ನು ಇನ್ನೊಂದು ಮದ್ದಿನಿಂದ ಮೊದಲೇ ಮುಚ್ಚಿಬಿಟ್ಟರೆ? ಆಮೇಲೆ ಉತ್ತೇಜಕ ಕೊಟ್ಟರೂ ಇಲಿ ಜಪ್ಪಯ್ಯ ಅಂದರೂ ಕದಲುವುದಿಲ್ಲ! ಮುಂಗಾಲನ್ನು ಎತ್ತಿ ಒಂದು ಕೋಲಿನ ಮೇಲಿಟ್ಟರೆ, ಇಳಿಯುವುದನ್ನೇ ಮರೆತು ಹಾಗೇ ನಿಂತಿರುತ್ತದೆ. ಎದುರಿಗೆ ಕಾಕಾ ಗಡಿಯಾರ ಹಿಡಿದು ನಿಂತಿರುತ್ತಾರೆ. ಇಬ್ಬರಲ್ಲಿ ಯಾರು ಮೊದಲು ಅಲುಗಾಡುತ್ತಾರೆ ಎಂಬುದೇ ಪ್ರಯೋಗ ಎಂದು ನಾವು ನಗುತ್ತಿದ್ದೆವು.

ಗಾಡಿಯಲ್ಲಿ ಎದುರು ಕುಳಿತವರಿಗೂ ಈ ಪಾಠ ತಪ್ಪುತ್ತಿರಲಿಲ್ಲ. ಒಮ್ಮೆ ಶಹಾಬಾದಿನಲ್ಲಿ ಹತ್ತಿದ ಅಜ್ಜಿಯೊಬ್ಬಳು ಎಲ್ಲ ಕೇಳಿ, "ಇಲಿ ನಿಂತಲ್ಲೇ ನಿಂದರತಾವ?" ಎಂದಳಂತೆ.

"ಹೌದ್ರಿ ಯವ್ವಾ, ಅಲ್ಲೇ."

"ಹಂಗಾದ್ರ ಆ ಸೂಜಿ ತಗೊಂಡು ನಮ್ಮ ಮನಿಗಿ ಬರ್ರಿ. ಜ್ವಾಳದ ಚೀಲ ಒಂದೂ ಉಳಿಸಿಲ್ಲ, ಹರಾಮಖೋರರು!"

ಈಗ ಚಿಗವ್ವನ ಸಂಗತಿ. ಕೊಡ್ಲಿ ಎಂಬ ಊರಿನ ಈ ಹೆಣ್ಣುಮಗಳು ನಡೆದು ಬಂದರೆ ಬಳೆಯ ಸದ್ದು ಅವಳಿಗಿಂತ ಮೊದಲು ಬರುತ್ತಿತ್ತು. ಒಂದು ವರ್ಷ ಅವಳಿಗೆ ಯಾರೂ ಇಲ್ಲದ ಕಡೆ ಮಾತು ಕೇಳಿಸತೊಡಗಿತು; ಊಟ, ನಿದ್ದೆ ಬಿಟ್ಟಳು. ಡಾಕ್ಟರು ಕೊಟ್ಟ ಗುಳಿಗೆಯಿಂದ ಆ ದನಿಗಳು ನಿಂತವು, ಆದರೆ ಕಾಲು ಬಿಗಿದುಹೋದವು. ಕೈ ಬೀಸದೆ, ಕಾಲೆಳೆಯುತ್ತ ಬಂದು ಹೊಸ್ತಿಲ ಬಳಿ ನಿಂತೇಬಿಡುವಳು. ಇಲಿಗಳನ್ನು ನಿಲ್ಲಿಸುವ ಮದ್ದೂ ಆ ಗುಳಿಗೆಯೂ ಒಂದೇ ಜಾತಿಯವು ಎಂಬುದು ಕಾಕಾನಿಗೆ ಚೆನ್ನಾಗಿ ಗೊತ್ತಿತ್ತು. ಇಲಿಗಳೇನೋ ಮದ್ದು ಇಳಿದ ಮೇಲೆ ಮತ್ತೆ ಓಡುತ್ತಿದ್ದವು. ಚಿಗವ್ವನ ಆ ಸದ್ದಿಗಾಗಿ ಕಾಕಾ ಎಷ್ಟು ಹಂಬಲಿಸಿದರೆಂದರೆ, ಪಕ್ಕದ ಮನೆಯಲ್ಲಿ ಬಳೆ ಸದ್ದಾದರೂ ತಲೆಯೆತ್ತಿ ನೋಡುತ್ತಿದ್ದರು.

"ಗುಳಿಗಿ ಒಂದೀಟು ಕಡಿಮಿ ಮಾಡ್ರಿ" ಎಂದು ಡಾಕ್ಟರನ್ನು ಕೇಳಿದರು.

"ಅವಸರ ಬ್ಯಾಡ್ರಿ. ದನಿ ಮತ್ತ ಬಂದ್ರ ಏನ್ ಮಾಡ್ತೀರಿ?"

ಕಾಕಾ ಕಾದರು. ಅದೇ ದಿನಗಳಲ್ಲಿ ಅವರಿಗೊಂದು ಮರೆವು ಹತ್ತಿಕೊಂಡಿತು. ದಿನಾ ಬುತ್ತಿಯ ಡಬ್ಬಿ ಮನೆಯಲ್ಲೇ ಬಿಟ್ಟು ಹೊರಡುವರು, ಸಂಜೆ ಹಸಿದು ಬರುವರು! "ಇಲಿಗಿ ಕಾಳು ಹಾಕೋದು ನೆನಪಿರತದ, ತನ್ನ ಹೊಟ್ಟಿ ನೆನಪಿರಂಗಿಲ್ಲ" ಎಂದು ಓಣಿಯೆಲ್ಲ ನಕ್ಕಿತು. ವಾಡಿಯ ಶಾಲೆಯಲ್ಲಿ ಟೀಚರಾಗಿದ್ದ ನಾನು ಆಗ ಅವರ ಮನೆಯಲ್ಲೇ ಇದ್ದೆ. ಕೊಟ್ಟು ಬರುತ್ತೇನೆಂದು ನಾನು ಓಡಿದರೆ, "ನಿನಗ ಯಾರು ಹೇಳ್ಯಾರ?" ಎಂದು ಕಾಕಾನಿಗೆ ನನ್ನ ಮೇಲೆಯೇ ಸಿಟ್ಟು! ಚಿಗವ್ವ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿರುವಳು. ಕಾಕಾ ರಸ್ತೆಯ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿ ಸ್ಟೇಷನ್ನಿಗೆ ಹೋಗಿಬಿಡುವರು.

ಕೊನೆಗೂ ಡಾಕ್ಟರು ಗುಳಿಗೆ ಕಡಿಮೆ ಮಾಡಿದರು. ಪುಣ್ಯಕ್ಕೆ ದನಿಗಳು ಬರಲಿಲ್ಲ. ಕೆಲವು ವಾರ ಕಳೆದ ಮೇಲೆ ಒಂದು ಮುಂಜಾನೆ ಚಿಗವ್ವ ಡಬ್ಬಿ ಹಿಡಿದು ಹೊಸ್ತಿಲು ದಾಟಿದಳು. ಅಂಗಳ ದಾಟಿದಳು. ಕೈ ಬೀಸುತ್ತ, ಸರಸರನೆ ರಸ್ತೆಗಿಳಿದಳು.

"ನಿಂದರ್ರಿ! ಬುತ್ತಿ ಬಿಟ್ಟು ಎಲ್ಲಿಗಿ ಹೊಂಟೀರಿ? ಕಿವಿ ಕೇಳಂಗಿಲ್ಲೇನು ನಿಮಗ?"

ಕಾಕಾ ಒಮ್ಮೆ ತಿರುಗಿ ನೋಡಿದರು. ಆಮೇಲೆ ನಿಲ್ಲುವ ಬದಲು ಹೆಜ್ಜೆ ಜೋರು ಮಾಡಿದರು! ನಾನು ಓಡಿ ಅವರ ಪಕ್ಕಕ್ಕೆ ಹೋಗಿ, "ಕಾಕಾ, ಚಿಗವ್ವ ಕರೀಲಿಕತ್ತಾಳ, ನಿಲ್ರಿ!" ಎಂದೆ.

ಅವರ ಕಣ್ಣೀರು ಗಲ್ಲದಿಂದಿಳಿದು ಅಂಗಿ ತೋಯುತ್ತಿತ್ತು.

"ಸುಮ್ನಿರವ್ವ," ಎಂದರು, "ಇನ್ನೊಂದೀಟು ದೂರ ಬರ್ಲಿ."